ಹದಿನೇಳನೇ ಪ್ರಶ್ನೆ

ಮೇಡಂ ಫಾರಂ ಹಂಚಿದಾಗ ಕರೆಂಟ್ ಹೋಗಿತ್ತು.
ಮೂರನೇ ವರ್ಷ ನರ್ಸಿಂಗ್, ನಲವತ್ತೊಂದು ಮಂದಿ.
ಹೆಸರು ಬರೀಬ್ಯಾಡ್ರಿ, ಖರೆ ಬರೀರಿ ಅಂದರು.
ಬೆವರಿದ ಬೆರಳಲ್ಲಿ ಪೆನ್ನು ಜಾರುತ್ತಿತ್ತು.

ಹೊಸ ಮಾದಕ ಪದಾರ್ಥಗಳ ಹೆಸರು ಕೇಳಿದ್ದೀರಾ?
ಕೇಳಿದ್ದರೆ ಎಲ್ಲಿ? ಪಾಠದಲ್ಲಿ, ಪತ್ರಿಕೆಯಲ್ಲಿ, ಗೆಳೆಯರಲ್ಲಿ?
ಜಗದೇವಿ ಮೊಣಕೈಯಿಂದ ತಿವಿದಳು.
ಇಬ್ಬರೂ ‘ಪಾಠದಲ್ಲಿ’ ಅಂತ ಗುರುತು ಹಾಕಿದೆವು.
ಪಾಠದಲ್ಲಿ ಇರೋದು ಅಫೀಮು, ಗಾಂಜಾ,
ಹಲ್ಲು ಉದುರಿದ ಹಳೇ ಹುಲಿಗಳು.

ಹದಿನೇಳನೆಯದು: ಇಂಥ ರೋಗಿ ಬಂದರೆ
ಉಳಿದವರ ಹಾಗೆಯೇ ನೋಡಿಕೊಳ್ಳುತ್ತೀರಾ?
ಖಂಡಿತ ಹೌದು, ಹೌದು, ಹೇಳಲಾರೆ, ಇಲ್ಲ, ಖಂಡಿತ ಇಲ್ಲ.
ನಾನು ಖಂಡಿತ ಹೌದು.
ಯಾರು ಬರೆಯೋದಿಲ್ಲ ಹಾಗೆ?

ಹನ್ನೆರಡು ದಿನ ಕಳೆದು, ಕ್ಯಾಷುಯಲ್ಟಿ, ನೈಟ್ ಡ್ಯೂಟಿ.
ಎರಡೂವರೆಗೆ ಆಟೋದಲ್ಲಿ ತಂದರು
ಮೈಲೂರಿನ ಬಾಡಿಗೆ ರೂಮಿನ ಹುಡುಗನನ್ನ.
ಮೈ ತಂದೂರಿನ ಹಾಗೆ ಕಾದಿದೆ,
ಕಣ್ಣ ಪಾಪೆ ಬಾವಿಯಷ್ಟು ಅಗಲ,
ಗೋಡೆಯ ಮೇಲೆ ಯಾರನ್ನೋ ಬೈಯುತ್ತಾನೆ.
ತಂದವರು ಒಂದು ಚಪ್ಪಲಿ ಬಿಟ್ಟು ಓಡಿದ್ದರು.

ಏನು ತಗೊಂಡಾನ? ಡಾಕ್ಟರು ಕೇಳಿದರು.
ನಂಗೇನ್ ಗೊತ್ರೀ, ಬಾಡಿಗಿ ಭೀ ಕೊಟ್ಟಿಲ್ಲ, ಆಟೋದವ ಅಂದ.
ಕಿಟ್ಟಿನಲ್ಲಿ ಆರು ಕಿಟಕಿ.
ಆರೂ ಏನೂ ಇಲ್ಲ ಅಂದವು.
ಕಿಟ್ಟು ಮಾಡಿದವರಿಗಿಂತ
ಪುಡಿ ಮಾಡಿದವರು ಎರಡು ಊರು ಮುಂದಿದ್ದರು.

ಅಂಗಿ ಕತ್ತರಿಸುವಾಗ ಕಿಸೆಯಿಂದ ಜಾರಿತು
ಐಡಿ ಕಾರ್ಡು: ಮಾಣಿಕರಾವ್, ಡಿ.ಫಾರ್ಮ, ಎರಡನೇ ವರ್ಷ.
ಅದರ ಹಿಂದೆ ಉಗುರಿನಷ್ಟು ಚೀಟಿ,
ಚೀಟಿಯ ಮೇಲೆ ಬೆಳ್ಳಿ ಬಣ್ಣದ ಅರ್ಧ ಚಂದ್ರ.

ನನಗೆ ಗೊತ್ತಿತ್ತು.
ಚಾಂದನಿ ಅಂತಾರೆ ಅದಕ್ಕೆ.
ಹಾಸ್ಟೆಲಿನ ಮಾಳಿಗೆ ಮೇಲೆ, ಪರೀಕ್ಷೆಯ ಹಿಂದಿನ ವಾರ
ಜಗದೇವಿಯ ಅಂಗೈಯಲ್ಲಿ ನೋಡಿದ್ದೆ.
ಇದು ನಶಾ ಅಲ್ಲ ತಸ್ನೀಮ, ನಿದ್ದಿ ಬರಲ್ಲ ಅಷ್ಟೇ.
ನಮಗ ಡೋಸ್ ಗೊತ್ತದ, ನಾವೇನ್ ಓದಲಾರದವರಾ?
ನಾನು ನಕ್ಕಿದ್ದೆ.
ನಕ್ಕಿದ್ದಕ್ಕೂ ಫಾರಮಿನಲ್ಲಿ ಒಂದು ಚೌಕ ಇರಬೇಕಿತ್ತು.

ಈಗ ಹೇಳಿದರೆ, ನಿನಗೆ ಹೇಗೆ ಗೊತ್ತು ಅಂತಾರೆ.
ಮಾನಿಟರು ಕೂಗುತ್ತಿದೆ.

ನಮ್ಮ ಅಬ್ಬಾ ಬಿದ್ರಿ ಕೆಲಸದವರು.
ಕೋಟೆಯ ಮಣ್ಣು ತಂದರೆ ಮೊದಲು ನಾಲಿಗೆಗೆ ಇಡುತ್ತಾರೆ.
ಬಿಸಿಲು ಕಾಣದ ಮಣ್ಣಿನ ರುಚಿಯೇ ಬೇರೆ,
ಅದಿದ್ದರಷ್ಟೇ ಹೂಜಿ ಕಪ್ಪಾಗಿ ಬೆಳ್ಳಿ ಎದ್ದು ಕಾಣೋದು.
ಸಣ್ಣವಳಿದ್ದಾಗ ನಾನೂ ನೆಕ್ಕಿ ಮುಖ ಕಿವುಚಿದ್ದೆ.
ಉಗುಳು, ಅಂದಿದ್ದರು. ರುಚಿ ಮಾತ್ರ ಮರೀಬ್ಯಾಡ.
ಗೊತ್ತಿದ್ದವರು ಬಾಯಿ ಮುಚ್ಚಿ ಕುಂತರ ಮಾಲು ಕೆಡ್ತದ.

ಚಾಂದನಿ ಸರ್, ಅಂದೆ.
ನನ್ನ ದನಿ ಬೇರೆ ವಾರ್ಡಿನಿಂದ ಬಂದ ಹಾಗಿತ್ತು.
ಡಾಕ್ಟರು ಹೇಗೆ ಗೊತ್ತು ಅನ್ನಲಿಲ್ಲ,
ಒಂದು ಸಲ ನೋಡಿದರು.
ಆಮೇಲೆ ಐಸು, ಸಲೈನು, ಹೈದರಾಬಾದಿಗೆ ಫೋನು.
ಅವನ ಕೈ ಕಟ್ಟುತ್ತ ಹಿರಿಯ ಸಿಸ್ಟರು ಗೊಣಗಿದರು:
ಬಾಣಂತ್ಯಾರು ನೆಲದ ಮ್ಯಾಲ ಮಲಗ್ಯಾರ, ಇಂಥವರಿಗಿ ಬೆಡ್ಡು.
ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.
ಹಣೆಗೆ ಒದ್ದೆ ಬಟ್ಟೆ ಒತ್ತುವಾಗ
ನನ್ನ ಕೈ ಒರಟಾಗಿತ್ತು. ಖರೆ ಹೇಳ್ತೀನಿ,
ಉಳಿದವರ ಹಾಗೆ ಇರಲಿಲ್ಲ.

ನಸುಕಿಗೆ ಅವನು ನೀರು ಕೇಳಿದ.
ಸಿಸ್ಟರ್, ಅಂದ.
ನಾನಿನ್ನೂ ಸ್ಟೂಡೆಂಟು, ಅಂದೆ.
ನಾನೂ, ಅಂದ.

ಹಾಸ್ಟೆಲಿಗೆ ಬಂದಾಗ ಜಗದೇವಿ ಎದ್ದೇ ಇದ್ದಳು,
ಪುಸ್ತಕ ತೆರೆದು, ಕಿಟಕಿಯ ಕಡೆ ಬೆನ್ನು ಮಾಡಿ,
ಬೆಳಕು ಸೇರಲ್ಲ ಅಂತ.
ಇಲ್ಲಿ ನೋಡು, ಅಂದೆ.
ಕಿಸೆಯಿಂದ ಪೆನ್ ಟಾರ್ಚು ತೆಗೆದೆ.